ಸೌಮ್ಯವಾಗಿ ಎಚ್ಚರಗೊಳ್ಳುವ ವಿಧಾನಗಳು

ಸೌಮ್ಯವಾಗಿ ಎಚ್ಚರಗೊಳ್ಳುವ ವಿಧಾನಗಳು ಎಂದರೆ, ಥಟ್ಟನೆ ಹಾಗೂ ಗಟ್ಟಿಯಾಗಿ ಬಾರಿಸುವ ಅಲಾರಂ ಗಡಿಯಾರದ ಬದಲಿಗೆ, ನಿದ್ರೆಯಿಂದ ಎಚ್ಚರಕ್ಕೆ ಹಂತಹಂತವಾಗಿ ಬರಲು ಬಳಸುವ ಕ್ರಮಗಳು. ಬೆಳಕು, ಇಂಪಾದ ಧ್ವನಿ, ಮನುಷ್ಯರ ಕರೆ, ಮೈಗೆ ತಾಗುವ ಕಂಪನ ಹಾಗೂ ನಿಯಮಿತ ನಿದ್ರೆಯಿಂದ ತಾನಾಗಿಯೇ ಬರುವ ಎಚ್ಚರ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲವು ಇತ್ತೀಚಿನ ವಿದ್ಯುನ್ಮಾನ ಸಾಧನಗಳನ್ನು ಅವಲಂಬಿಸಿವೆ. ಇನ್ನು ಕೆಲವು ಗಡಿಯಾರ ಮನೆಮನೆಗೆ ಬರುವ ಮುನ್ನವೇ ಕನ್ನಡ ನಾಡಿನ ಹಳ್ಳಿಗಳಲ್ಲಿ ರೂಢಿಯಲ್ಲಿದ್ದವು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು, ಪಾಳಿಯಲ್ಲಿ ದುಡಿಯುವ ಕಾರ್ಮಿಕರು, ವೃದ್ಧರು ಮತ್ತು ಕಿವಿ ಕೇಳಿಸದವರು ಈ ವಿಷಯವನ್ನು ತಿಳಿದಿರುವುದು ಉಪಯುಕ್ತ. ಏಕೆಂದರೆ ಎಚ್ಚರವಾಗುವ ರೀತಿಯು ಮುಂದಿನ ಅರ್ಧ ಗಂಟೆಯ ಬುದ್ಧಿಯ ಚುರುಕನ್ನೂ, ಕೆಲವು ಸಂದರ್ಭಗಳಲ್ಲಿ ಸುರಕ್ಷತೆಯನ್ನೂ ನಿರ್ಧರಿಸುತ್ತದೆ.

ನಿದ್ರೆ ಮತ್ತು ಎಚ್ಚರದ ಸ್ವರೂಪ

ನಿದ್ರೆಯು ರಾತ್ರಿಯಿಡೀ ಒಂದೇ ಸಮನಾಗಿರುವುದಿಲ್ಲ. ಮಂಪರು, ಹಗುರ ನಿದ್ರೆ, ಗಾಢ ನಿದ್ರೆ ಮತ್ತು ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಕನಸಿನ ನಿದ್ರೆ ಎಂಬ ಹಂತಗಳು ಒಂದರ ನಂತರ ಒಂದು ಬರುತ್ತವೆ. ಇಂತಹ ಒಂದು ಆವರ್ತಕ್ಕೆ ಸುಮಾರು 90 ನಿಮಿಷ ಹಿಡಿಯುತ್ತದೆ. ಒಂದು ರಾತ್ರಿಯಲ್ಲಿ ನಾಲ್ಕರಿಂದ ಆರು ಆವರ್ತಗಳು ನಡೆಯುತ್ತವೆ. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ರೆಯ ಪಾಲು ಹೆಚ್ಚು. ಬೆಳಗಿನ ಜಾವದಲ್ಲಿ ಕನಸಿನ ನಿದ್ರೆಯ ಪಾಲು ಹೆಚ್ಚು. ಕನಸಿನ ನಿದ್ರೆಯ ಈ ಹಂತವನ್ನು ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ಅಮೆರಿಕದ ಸಂಶೋಧಕರು 1953ರಲ್ಲಿ ವಿವರಿಸಿದರು.

ನಿದ್ರೆಯ ವೇಳೆಯನ್ನು ಎರಡು ಶಕ್ತಿಗಳು ನಿಯಂತ್ರಿಸುತ್ತವೆ. ಎಚ್ಚರವಾಗಿರುವ ಹೊತ್ತು ಬೆಳೆದಂತೆ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಶೇಖರವಾಗಿ ನಿದ್ರೆಯ ಒತ್ತಡವನ್ನು ಹೆಚ್ಚಿಸುವುದು ಒಂದು. ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿರುವ ಸಣ್ಣ ನರಕೋಶಗಳ ಗುಂಪು ಸುಮಾರು 24 ಗಂಟೆಗಳ ಲಯವನ್ನು ಕಾಯ್ದುಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ಜೈವಿಕ ಗಡಿಯಾರ ಎನ್ನುತ್ತಾರೆ. ಈ ಗಡಿಯಾರವು ಜೀವಕೋಶಗಳ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವಂತೆ ಜೈವಿಕ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಬೆಳಕು. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವು ನಿದ್ರೆಗೆ ಸಿದ್ಧವಾಗುತ್ತದೆ. ಬೆಳಕು ಕಣ್ಣಿಗೆ ಬಿದ್ದಾಗ ಅದು ಕುಗ್ಗುತ್ತದೆ. ಬೆಳಗಿನ ಹೊತ್ತಿಗೆ ದೇಹದ ಉಷ್ಣತೆ ಮತ್ತು ಕಾರ್ಟಿಸಾಲ್ ಹಾರ್ಮೋನಿನ ಪ್ರಮಾಣ ಏರತೊಡಗುತ್ತವೆ. ಹೀಗೆ ದೇಹವು ಕಣ್ಣು ತೆರೆಯುವ ಮೊದಲೇ ಎಚ್ಚರಕ್ಕೆ ಅಣಿಯಾಗಿರುತ್ತದೆ.

ಗಟ್ಟಿ ಅಲಾರಂನ ತೊಂದರೆಗಳು

ಅಲಾರಂ ಗಡಿಯಾರವು ವೇಳೆಯನ್ನು ಮಾತ್ರ ಬಲ್ಲದು. ಮಲಗಿರುವವರು ನಿದ್ರೆಯ ಯಾವ ಹಂತದಲ್ಲಿದ್ದಾರೆ ಎಂಬುದನ್ನು ಅರಿಯದು. ಗಾಢ ನಿದ್ರೆಯ ನಡುವೆ ಅದು ಬಾರಿಸಿದರೆ ವ್ಯಕ್ತಿಯು ಬೆಚ್ಚಿಬೀಳುತ್ತಾನೆ; ಎದೆಬಡಿತ ಹಠಾತ್ತನೆ ಏರುತ್ತದೆ. ಆ ಬಳಿಕವೂ ತಲೆ ಮಂಕಾಗಿ, ಮಾತು ತಡವಾಗಿ, ನಿರ್ಧಾರಗಳು ತಪ್ಪಾಗುವ ಸ್ಥಿತಿ ಸ್ವಲ್ಪ ಹೊತ್ತು ಉಳಿಯುತ್ತದೆ. ಇದಕ್ಕೆ ನಿದ್ರಾಜಡತೆ ಎಂದು ಹೆಸರು. ಸಾಮಾನ್ಯವಾಗಿ ಇದು 15ರಿಂದ 30 ನಿಮಿಷಗಳಲ್ಲಿ ಕಳೆಯುತ್ತದೆ. ನಿದ್ರೆಗೆಟ್ಟವರಲ್ಲಿ ಒಂದು ಗಂಟೆಗೂ ಮೀರಬಹುದು. ಎದ್ದ ಕೂಡಲೇ ವಾಹನ ಓಡಿಸುವವರಿಗೆ, ಯಂತ್ರಗಳ ಮುಂದೆ ನಿಲ್ಲುವವರಿಗೆ ಇದು ಅಪಾಯಕಾರಿ.

ಒಬ್ಬರ ಅಲಾರಂ ಮನೆಯ ಎಲ್ಲರ ನಿದ್ರೆಯನ್ನೂ ಕೆಡಿಸುತ್ತದೆ ಎಂಬುದು ಇನ್ನೊಂದು ತೊಂದರೆ. ಒಂದೇ ಪಡಸಾಲೆಯಲ್ಲಿ ಹಲವರು ಮಲಗುವ ಮನೆಗಳಲ್ಲಿ ಹಸುಗೂಸು, ರೋಗಿ ಹಾಗೂ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದವರೂ ಅದರ ಪಾಲಿಗೆ ಗುರಿಯಾಗುತ್ತಾರೆ.

ಇತಿಹಾಸ

ನಿಗದಿತ ವೇಳೆಗೆ ಎಬ್ಬಿಸುವ ಸಾಧನಗಳು ಪ್ರಾಚೀನ ಗ್ರೀಸ್ ಹಾಗೂ ಚೀನಾಗಳಲ್ಲಿ ನೀರಿನ ಗಡಿಯಾರಗಳ ರೂಪದಲ್ಲಿ ಇದ್ದವು. ಬೇಕಾದ ವೇಳೆಗೆ ಹೊಂದಿಸಬಹುದಾದ ಯಾಂತ್ರಿಕ ಅಲಾರಂ ಗಡಿಯಾರಕ್ಕೆ ಫ್ರಾನ್ಸಿನ ಆಂಟ್ವಾನ್ ರೆಡಿಯೆ 1847ರಲ್ಲಿ ಪೇಟೆಂಟ್ ಪಡೆದರು. ಆದರೂ ಗಡಿಯಾರವು ಬಹುಕಾಲ ಬಡವರ ಕೈಗೆ ಎಟುಕಲಿಲ್ಲ. ಕೈಗಾರಿಕಾ ಕ್ರಾಂತಿಯ ನಂತರದ ಇಂಗ್ಲೆಂಡಿನಲ್ಲಿ ಕಾರ್ಮಿಕರನ್ನು ಎಬ್ಬಿಸುವುದನ್ನೇ ವೃತ್ತಿ ಮಾಡಿಕೊಂಡವರಿದ್ದರು. ಅವರು ಉದ್ದನೆಯ ಬಿದಿರಿನ ಕೋಲಿನಿಂದ ಮಹಡಿಯ ಕಿಟಕಿಯನ್ನು ತಟ್ಟಿ ಆ ಮನೆಯವರನ್ನು ಮಾತ್ರ ಎಬ್ಬಿಸಿ ಮುಂದೆ ಸಾಗುತ್ತಿದ್ದರು. ಕಾರ್ಖಾನೆಯ ಪಾಳಿಯ ವೇಳೆಯೇ ಜನರ ಎಚ್ಚರದ ವೇಳೆಯಾದ ಕಾಲಕ್ಕೆ ಗಟ್ಟಿ ಸದ್ದಿನ ಅಲಾರಂ ಸಾರ್ವತ್ರಿಕವಾಯಿತು.

ಕನ್ನಡ ನಾಡಿನ ರೂಢಿಗಳು

ಗಡಿಯಾರವಿಲ್ಲದ ಕಾಲದಲ್ಲಿ ರಾತ್ರಿಯನ್ನು ಜಾವಗಳಲ್ಲಿ ಎಣಿಸುತ್ತಿದ್ದರು. ಒಂದು ಜಾವವೆಂದರೆ ಸುಮಾರು ಮೂರು ಗಂಟೆ. ಬೆಳಗಿನ ಜಾವ, ಕೋಳಿ ಕೂಗುವ ಹೊತ್ತು, ಬೆಳ್ಳಿ ಮೂಡುವ ಹೊತ್ತು, ನಸುಕು ಮುಂತಾದ ಮಾತುಗಳು ಎಚ್ಚರದ ಹಂತಗಳನ್ನೇ ಹೆಸರಿಸುತ್ತವೆ. ಇವುಗಳಲ್ಲಿ ಬೆಳ್ಳಿಯು, ಅಂದರೆ ಶುಕ್ರಗ್ರಹವು, ವರ್ಷವಿಡೀ ನಂಬಬಹುದಾದ ಗುರುತಲ್ಲ; ಅದು ಕೆಲವು ತಿಂಗಳು ಮುಂಜಾನೆ ಪೂರ್ವದಲ್ಲಿಯೂ ಕೆಲವು ತಿಂಗಳು ಸಂಜೆ ಪಶ್ಚಿಮದಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಕೋಳಿಯ ಕೂಗು: ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹುಂಜವು ಬೆಳಕನ್ನು ಕಂಡು ಮಾತ್ರ ಕೂಗುವುದಿಲ್ಲ. ಬೆಳಕಿಗೆ ಮುಂಚೆಯೇ ತನ್ನ ದೇಹದೊಳಗಿನ ಗಡಿಯಾರದ ಸೂಚನೆಯಂತೆ ಕೂಗುತ್ತದೆ. ಗುಂಪಿನಲ್ಲಿ ಮೇಲ್ಮಟ್ಟದ ಹುಂಜವು ಮೊದಲು ಕೂಗಿ ಉಳಿದವು ಅದನ್ನು ಅನುಸರಿಸುತ್ತವೆ ಎಂಬುದೂ ಅದೇ ತಂಡದ ಮುಂದಿನ ಅಧ್ಯಯನದಿಂದ ತಿಳಿದುಬಂದಿತು.

ಬೀಸುವ ಪದಗಳು: ಉತ್ತರ ಕರ್ನಾಟಕದ ಜೋಳದ ನಾಡಿನಲ್ಲಿ ಹೆಂಗಸರು ನಸುಕಿಗೆ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಾ ಹಿಟ್ಟು ಬೀಸುತ್ತಿದ್ದರು. ಕಲ್ಲಿನ ಗುರುಗುರು ಸದ್ದು ಮತ್ತು ಹಾಡಿನ ಏಕರೀತಿಯ ಲಯ ಮನೆಯ ಮಕ್ಕಳನ್ನು ಮೆಲ್ಲನೆ ಎಚ್ಚರಕ್ಕೆ ತರುತ್ತಿದ್ದವು. ಇಂತಹ ತ್ರಿಪದಿಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ 1931ರಲ್ಲಿ ಪ್ರಕಟಿಸಿದರು. ಹಿಟ್ಟಿನ ಗಿರಣಿಗಳು ಬಂದ ಮೇಲೆ ಈ ರೂಢಿ ಬಹುಮಟ್ಟಿಗೆ ನಿಂತುಹೋಯಿತು. ಮನೆಯವರಿಗೆ ಇಂಪಾಗಿದ್ದ ಈ ಎಚ್ಚರವು ಬೀಸುವವಳ ಪಾಲಿಗೆ ದುಡಿಮೆಯ ಆರಂಭವಾಗಿತ್ತು. ಎಲ್ಲರಿಗಿಂತ ಮೊದಲು ಎದ್ದ ಅವಳನ್ನು ಎಬ್ಬಿಸುವವರು ಯಾರೂ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಬೀದಿಯ ದನಿಗಳು: ನಸುಕಿನಲ್ಲಿ ಬುಡಬುಡಿಕೆಯನ್ನು ನುಡಿಸುತ್ತಾ ಮನೆಮನೆಯ ಮುಂದೆ ಶಕುನ ಹೇಳುವ ಬುಡಬುಡಿಕೆಯವರು, ವಿಠ್ಠಲ ಮಂದಿರಗಳ ಕಾಕಡಾರತಿ, ಮಸೀದಿಗಳ ಮುಂಜಾನೆಯ ಅಜಾನ್, ರಂಜಾನ್ ತಿಂಗಳಲ್ಲಿ ಸೆಹರಿಗಾಗಿ ಓಣಿಓಣಿಗೆ ಬಂದು ಎಬ್ಬಿಸುವವರ ಕರೆ, ಸ್ವಾತಂತ್ರ್ಯ ಚಳವಳಿಯ ಕಾಲದ ಪ್ರಭಾತಫೇರಿ ಇವೆಲ್ಲ ಸಮುದಾಯವನ್ನು ಒಟ್ಟಾಗಿ ಎಬ್ಬಿಸುವ ಕ್ರಮಗಳು. ಇವುಗಳಲ್ಲಿ ಬೀದಿಯಲ್ಲಿ ಸಾಗುವ ದನಿಗಳ ಸಮಾನ ಗುಣವೆಂದರೆ ಧ್ವನಿಯು ದೂರದಿಂದ ಆರಂಭವಾಗಿ, ಸಮೀಪಿಸಿ, ಮತ್ತೆ ದೂರವಾಗುವುದು. ಇಂದಿನ ‘ಏರುವ ಧ್ವನಿಯ ಅಲಾರಂ’ ಎಂಬುದರ ತತ್ತ್ವವೂ ಇದೇ. ಧ್ವನಿವರ್ಧಕಗಳು ಬಂದ ಬಳಿಕ ದೂರ-ಸಮೀಪಗಳ ಈ ಏರಿಳಿತ ಬಹುಪಾಲು ಇಲ್ಲವಾಯಿತು.

ಸುಪ್ರಭಾತ ಮತ್ತು ಉದಯರಾಗ: ದೇವರನ್ನು ಹಾಡಿನಿಂದ ಎಬ್ಬಿಸುವ ಸುಪ್ರಭಾತ ಪದ್ಧತಿಗೆ ದೀರ್ಘ ಇತಿಹಾಸವಿದೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ನಿದ್ರಿಸುತ್ತಿದ್ದ ರಾಮನನ್ನು ಶ್ಲೋಕದಿಂದ ಎಬ್ಬಿಸುತ್ತಾನೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರು ಹಾಡಿದ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ 1963ರಲ್ಲಿ ಹೊರಬಂದು ದಕ್ಷಿಣ ಭಾರತದ ಅನೇಕ ಮನೆಗಳ ಬೆಳಗಿನ ದನಿಯಾಯಿತು. ಕರ್ನಾಟಕ ಸಂಗೀತದಲ್ಲಿ ಭೂಪಾಳ, ಬೌಳಿ ರಾಗಗಳೂ ಹಿಂದೂಸ್ತಾನಿಯಲ್ಲಿ ಲಲಿತ್, ಭೈರವ್ ರಾಗಗಳೂ ಮುಂಜಾನೆಗೆ ಮೀಸಲು.

ಆಕಾಶವಾಣಿ: ರೇಡಿಯೋ ಮನೆಮನೆಗೆ ಬಂದ ಕಾಲದಲ್ಲಿ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆಕಾಶವಾಣಿಯ ಸಂಕೇತ ಸಂಗೀತವೇ ಅನೇಕರಿಗೆ ಬೆಳಗಿನ ಕರೆಯಾಗಿತ್ತು. ಅದನ್ನು 1930ರ ದಶಕದಲ್ಲಿ ರಚಿಸಿದವರು ಆಗ ಮುಂಬಯಿಯಲ್ಲಿ ನೆಲೆಸಿದ್ದ ವಾಲ್ಟರ್ ಕಾಫ್‌ಮನ್. ಕಲಬುರಗಿ, ಧಾರವಾಡ ಮುಂತಾದ ಕೇಂದ್ರಗಳ ಮುಂಜಾನೆಯ ಭಕ್ತಿಗೀತೆ, ಚಿಂತನಗಳನ್ನು ಕೇಳುತ್ತಲೇ ಏಳುವ ಅಭ್ಯಾಸ ಹಿರಿಯರಲ್ಲಿ ಈಗಲೂ ಕಾಣಸಿಗುತ್ತದೆ.

ಕಲಬುರಗಿ ಸೀಮೆಯ ಸಂದರ್ಭ

ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರದಲ್ಲಿ ಎಚ್ಚರದ ಎರಡು ಬಗೆಗಳು ಅಕ್ಕಪಕ್ಕದಲ್ಲಿಯೇ ಇವೆ. ಒಂದು, ತೊಗರಿ ಮತ್ತು ಜೋಳ ಬೆಳೆಯುವ ಕೃಷಿಕರದು; ಹೊಲ, ದನ, ಬೆಳಕುಗಳನ್ನು ಅನುಸರಿಸುವುದು. ಇನ್ನೊಂದು, ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಹಾಗೂ ವಾಡಿ ಜಂಕ್ಷನ್‌ನಂತಹ ರೈಲು ನಿಲ್ದಾಣಗಳ ದುಡಿಮೆಗಾರರದು. ಪಾಳಿಯ ವೇಳೆಯನ್ನು ಅನುಸರಿಸುವುದು. ಒಂದೇ ಮನೆಯಲ್ಲಿ ತಂದೆ ಹೊಲಕ್ಕೂ ಮಗ ಕಾರ್ಖಾನೆಗೂ ಹೋಗುವುದುಂಟು. ಆಗ ಎಚ್ಚರದ ವೇಳೆಗಳು ಬೇರೆಬೇರೆಯಾಗುತ್ತವೆ.

ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಗಲೆಲ್ಲ ಕಾದ ಕಲ್ಲಿನ ಮನೆಗಳು ರಾತ್ರಿಯೂ ಬೇಗ ತಣಿಯದ ಕಾರಣ ಜನರು ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಮಲಗುತ್ತಾರೆ. ಬಯಲಿನಲ್ಲಿ ಮಲಗಿದವರನ್ನು ಪೂರ್ವದ ಬೆಳಕು ಮತ್ತು ಹಕ್ಕಿಗಳ ದನಿ ಕ್ರಮಕ್ರಮವಾಗಿ ಎಬ್ಬಿಸುತ್ತವೆ. ಅಲಾರಂನ ಅಗತ್ಯ ಬೀಳುವುದಿಲ್ಲ. ಮಳೆಗಾಲ ಮತ್ತು ಚಳಿಗಾಲದಲ್ಲಿ, ಕಿಟಕಿ ಕಿರಿದಾದ ಕೋಣೆಯೊಳಗೆ ಮಲಗಿದಾಗ ಈ ಅನುಕೂಲ ತಪ್ಪಿಹೋಗುತ್ತದೆ. ಸೂರ್ಯೋದಯದ ವೇಳೆಯೂ ಬದಲಾಗುತ್ತದೆ: ಕಲಬುರಗಿಯ ಸುತ್ತಮುತ್ತ ಜೂನ್ ಆರಂಭದಲ್ಲಿ ಬೆಳಿಗ್ಗೆ ಸುಮಾರು 5:45ರಿಂದ 5:50ರ ನಡುವೆ ಸೂರ್ಯ ಮೂಡಿದರೆ, ಜನವರಿಯ ನಡುವಿನಲ್ಲಿ ಸುಮಾರು 6:55ಕ್ಕೆ ಮೂಡುತ್ತಾನೆ. ಆದುದರಿಂದ ಬೆಳಕನ್ನೇ ನಂಬಿದವರಿಗೆ ಚಳಿಗಾಲದಲ್ಲಿ ಒಂದು ಗಂಟೆಗೂ ಹೆಚ್ಚಿನ ವ್ಯತ್ಯಾಸ ಉಂಟಾಗುತ್ತದೆ.

ಪ್ರಮುಖ ವಿಧಾನಗಳು

1. ಬೆಳಕಿನಿಂದ ಎಚ್ಚರ: ಪೂರ್ವ ದಿಕ್ಕಿನ ಕಿಟಕಿಯ ಪರದೆಯನ್ನು ಸ್ವಲ್ಪ ಸರಿಸಿ ಮಲಗುವುದು ಇದರ ಅತ್ಯಂತ ಸರಳ ರೂಪ. ಮುಚ್ಚಿದ ರೆಪ್ಪೆಯ ಮೂಲಕವೂ ಸ್ವಲ್ಪ ಬೆಳಕು ಕಣ್ಣನ್ನು ತಲುಪುತ್ತದೆ. ಮುಂಜಾನೆಯನ್ನು ಅನುಕರಿಸುವ ವಿಶೇಷ ದೀಪಗಳೂ ಇವೆ. ಅವು ಎಚ್ಚರದ ವೇಳೆಗೆ ಸುಮಾರು 30 ನಿಮಿಷ ಮುಂಚಿನಿಂದ ಮಂದವಾಗಿ ಬೆಳಗತೊಡಗಿ ಕ್ರಮೇಣ ಪ್ರಖರವಾಗುತ್ತವೆ. ಚಳಿಗಾಲದಲ್ಲಿ ಹಗಲು ತೀರ ಕಿರಿದಾಗುವ ದೇಶಗಳಲ್ಲಿ ಋತುಮಾನದ ಖಿನ್ನತೆಯ ಚಿಕಿತ್ಸೆಗೂ ಇಂತಹ ದೀಪಗಳನ್ನು ಬಳಸುತ್ತಾರೆ. ಸಾಮಾನ್ಯ ಬಲ್ಬಿಗೆ ಟೈಮರ್ ಜೋಡಿಸಿದರೆ ವೆಚ್ಚ ಕಡಿಮೆ, ಆದರೆ ಬೆಳಕು ಕ್ರಮೇಣ ಏರದೆ ಥಟ್ಟನೆ ಹೊತ್ತಿಕೊಳ್ಳುತ್ತದೆ.

2. ಇಂಪಾದ ಧ್ವನಿ: ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 50 ಜನರನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ರಾಗವುಳ್ಳ ಧ್ವನಿಗೆ ಏಳುವವರು ಕಡಿಮೆ ಮಂಕನ್ನೂ, ರಾಗವಿಲ್ಲದ ಧ್ವನಿಗೆ ಏಳುವವರು ಹೆಚ್ಚು ಮಂಕನ್ನೂ ವರದಿ ಮಾಡಿದ್ದರು. ಇದು ಭಾಗಿಗಳ ಸ್ವಂತ ಹೇಳಿಕೆಯನ್ನು ಆಧರಿಸಿದ ಸಣ್ಣ ಅಧ್ಯಯನವಾದುದರಿಂದ ಅಂತಿಮ ತೀರ್ಮಾನವೆನ್ನಲಾಗದು. ಮೊಬೈಲ್‌ನಲ್ಲಿ ಭಾವಗೀತೆ, ವಚನ, ಕೊಳಲು ಅಥವಾ ಸಿತಾರಿನ ಆಲಾಪವನ್ನು ಅಲಾರಂ ಆಗಿ ಇಟ್ಟು, ಧ್ವನಿ ಕ್ರಮೇಣ ಏರುವಂತೆ ಹೊಂದಿಸಿಕೊಳ್ಳಬಹುದು. ತೀರ ಪ್ರಿಯವಾದ ಹಾಡನ್ನು ಇದಕ್ಕೆ ಬಳಸಿದರೆ ಕೆಲವೇ ದಿನಗಳಲ್ಲಿ ಆ ಹಾಡಿನ ಮೇಲೆಯೇ ಬೇಸರ ಬರುವ ಸಂಭವವಿದೆ.

3. ಮನುಷ್ಯರ ಕರೆ: ಹೆಸರು ಹಿಡಿದು ಕರೆಯುವುದು, ಹಣೆಯನ್ನು ಅಥವಾ ಪಾದವನ್ನು ಮೆಲ್ಲನೆ ಮುಟ್ಟುವುದು ಅತ್ಯಂತ ಹಳೆಯ ವಿಧಾನ. ಮಲಗಿರುವ ಮಿದುಳು ಪರಿಚಿತ ಧ್ವನಿಯನ್ನೂ ಸ್ವಂತ ಹೆಸರನ್ನೂ ಇತರ ಸದ್ದುಗಳಿಂದ ಬೇರ್ಪಡಿಸಿ ಗುರುತಿಸಬಲ್ಲದು. ಅಮೆರಿಕದಲ್ಲಿ 6ರಿಂದ 12 ವರ್ಷದ 24 ಮಕ್ಕಳನ್ನು ಗಾಢ ನಿದ್ರೆಯಲ್ಲಿ ಪರೀಕ್ಷಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಿಯು ಹೆಸರು ಹಿಡಿದು ಕರೆಯುವ ಧ್ವನಿಮುದ್ರಣಕ್ಕೆ ಶೇಕಡ 96ರಷ್ಟು ಮಕ್ಕಳು ಎದ್ದರು. ಸಾಮಾನ್ಯ ಹೊಗೆ ಎಚ್ಚರಿಕೆಯ ಗಟ್ಟಿ ಸದ್ದಿಗೆ ಎದ್ದವರು ಶೇಕಡ 58 ಮಾತ್ರ. ಗಟ್ಟಿಯಾದುದೇ ಪರಿಣಾಮಕಾರಿ ಎಂಬ ಭಾವನೆ ಸರಿಯಲ್ಲವೆಂದು ಇದು ತೋರಿಸುತ್ತದೆ. ಈ ವಿಧಾನದ ಭಾರ ಮನೆಯ ಒಬ್ಬರ ಮೇಲೆ, ಬಹುತೇಕ ತಾಯಿಯ ಮೇಲೆ, ಬೀಳುತ್ತದೆ; ಸರದಿಯಂತೆ ಹಂಚಿಕೊಳ್ಳುವುದು ನ್ಯಾಯ.

4. ಕಂಪನ: ದಿಂಬಿನ ಕೆಳಗೆ ಇಡುವ ಅಥವಾ ಮಣಿಕಟ್ಟಿಗೆ ಕಟ್ಟುವ ಸಾಧನಗಳು ಸದ್ದಿಲ್ಲದೆ ನಡುಗಿ ಎಬ್ಬಿಸುತ್ತವೆ. ಕಿವಿ ಕೇಳಿಸದವರಿಗೆ ಇದು ಪರ್ಯಾಯವಲ್ಲ, ಅವಶ್ಯಕತೆ. ಜೊತೆಯಲ್ಲಿ ಮಲಗಿದವರಿಗೆ ತೊಂದರೆಯಾಗದಿರುವುದು ಇದರ ವಿಶೇಷ ಗುಣ.

5. ನಿದ್ರೆಯ ಹಂತವನ್ನು ಅಂದಾಜಿಸುವ ಸಾಧನಗಳು: ಮಣಿಕಟ್ಟಿನ ಚಲನೆ ಮತ್ತು ನಾಡಿಬಡಿತವನ್ನು ಅಳೆದು, ನಿಗದಿತ ವೇಳೆಗೆ ಮುಂಚಿನ ಅರ್ಧ ಗಂಟೆಯೊಳಗೆ ನಿದ್ರೆ ಹಗುರವಾದಾಗ ಎಬ್ಬಿಸುವ ಕೈಗಡಿಯಾರಗಳು ಮತ್ತು ತಂತ್ರಾಂಶಗಳು ಬಂದಿವೆ. ಇವು ನಿದ್ರೆ-ಎಚ್ಚರಗಳನ್ನು ತಕ್ಕಮಟ್ಟಿಗೆ ಗುರುತಿಸಿದರೂ ಹಂತಗಳನ್ನು ಗುರುತಿಸುವಲ್ಲಿ, ಮಿದುಳಿನ ವಿದ್ಯುತ್ತರಂಗಗಳನ್ನು ಅಳೆಯುವ ಪ್ರಯೋಗಾಲಯದ ಪರೀಕ್ಷೆಯಷ್ಟು ನಿಖರವಲ್ಲ.

6. ತಾನಾಗಿಯೇ ಬರುವ ಎಚ್ಚರ: ಪ್ರತಿದಿನ ಒಂದೇ ವೇಳೆಗೆ ಮಲಗಿ ಒಂದೇ ವೇಳೆಗೆ ಏಳುವವರಲ್ಲಿ ಜೈವಿಕ ಗಡಿಯಾರವು ಆ ವೇಳೆಗೆ ಹೊಂದಿಕೊಳ್ಳುತ್ತದೆ. ನಾಳೆ ಇಂತಿಷ್ಟು ಹೊತ್ತಿಗೆ ಏಳಬೇಕೆಂದು ಮನಸ್ಸಿನಲ್ಲಿ ಸಂಕಲ್ಪಿಸಿ ಮಲಗುವ ರೂಢಿಗೂ ಸ್ವಲ್ಪ ಆಧಾರವಿದೆ. ಜರ್ಮನಿಯ ಲ್ಯೂಬೆಕ್ ವಿಶ್ವವಿದ್ಯಾಲಯದ ಯಾನ್ ಬಾರ್ನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಿಗ್ಗೆ 6ಕ್ಕೆ ಎಬ್ಬಿಸಲಾಗುವುದೆಂದು ಮೊದಲೇ ತಿಳಿದಿದ್ದವರ ರಕ್ತದಲ್ಲಿ ಆ ವೇಳೆಗೆ ಸುಮಾರು ಒಂದು ಗಂಟೆ ಮುಂಚಿನಿಂದಲೇ ಅಡ್ರಿನೊಕಾರ್ಟಿಕೊಟ್ರೋಪಿನ್ ಎಂಬ ಹಾರ್ಮೋನು ಏರತೊಡಗಿತ್ತು.

ವಿದ್ಯಾರ್ಥಿಗಳು ಮತ್ತು ಮುಂಜಾನೆಯ ಓದು

ನಸುಕಿನಲ್ಲಿ ಎದ್ದು ಓದಿದರೆ ಮನದಟ್ಟಾಗುವುದೆಂಬ ನಂಬಿಕೆ ಕನ್ನಡ ನಾಡಿನಲ್ಲಿ ಗಾಢವಾಗಿದೆ. ಆರೋಗ್ಯವಂತನು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಾಗ್ಭಟನ ‘ಅಷ್ಟಾಂಗಹೃದಯ’ವು ದಿನಚರಿಯ ಅಧ್ಯಾಯದಲ್ಲಿ ಹೇಳುತ್ತದೆ, ಸಾಮಾನ್ಯ ಗಣನೆಯಂತೆ ಇದು ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಆರಂಭವಾಗಿ 48 ನಿಮಿಷ ಮುಂಚೆ ಮುಗಿಯುವ ಅವಧಿ. ಆದರೆ ಈ ನಿಯಮವು ದೀಪ ಆರಿಸಿ ಬೇಗ ಮಲಗುತ್ತಿದ್ದ ಕಾಲದ್ದು. ರಾತ್ರಿ 11ಕ್ಕೆ ಮಲಗಿದ ವಿದ್ಯಾರ್ಥಿಯನ್ನು 4ಕ್ಕೆ ಎಬ್ಬಿಸಿದರೆ ಅವನಿಗೆ ದೊರೆಯುವುದು ಐದೇ ಗಂಟೆಗಳ ನಿದ್ರೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ವಯಸ್ಕರಿಗೆ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ರೆ ಬೇಕೆಂದು ನಿದ್ರಾತಜ್ಞರು ಶಿಫಾರಸು ಮಾಡುತ್ತಾರೆ. ಹದಿಹರೆಯದಲ್ಲಿ ಜೈವಿಕ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿದು ನಿದ್ರೆ ತಡವಾಗಿ ಬರುತ್ತದೆ. ಬೆಳಿಗ್ಗೆ ಬೇಗ ಏಳಲಾರದಿರುವುದು ಯಾವಾಗಲೂ ಸೋಮಾರಿತನವಲ್ಲ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸ ನಿದ್ರೆಯಲ್ಲಿಯೇ ನಡೆಯುವುದರಿಂದ, ಪರೀಕ್ಷೆಯ ದಿನಗಳಲ್ಲಿ ನಿದ್ರೆಯನ್ನು ಕಡಿದರೆ ಓದಿನ ಫಲವನ್ನೇ ಕಡಿದಂತೆ. ಮುಂಜಾನೆ ಓದಬಯಸುವವರು ಅಲಾರಂನ ಸದ್ದನ್ನು ಹೆಚ್ಚಿಸುವ ಬದಲು ಮಲಗುವ ವೇಳೆಯನ್ನು ಮುಂಚಿತಗೊಳಿಸಬೇಕು.

ಪಾಳಿ ದುಡಿಮೆಗಾರರು

ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ ಬೆಳಕು ನೆರವಾಗುವ ಬದಲು ಅಡ್ಡಿಯಾಗುತ್ತದೆ. ಅವರಿಗೆ ದಪ್ಪ ಪರದೆ ಅಥವಾ ಕಣ್ಣಪಟ್ಟಿ, ಸದ್ದಿಲ್ಲದ ಕೋಣೆ ಹಾಗೂ ಏಳುವ ವೇಳೆಗೆ ಕಂಪನದ ಅಲಾರಂ ಸೂಕ್ತ. ಎದ್ದ ಕೂಡಲೇ ಬೈಕ್ ಏರದೆ, ಮುಖ ತೊಳೆದು, ಬೆಳಕಿನಲ್ಲಿ ಸ್ವಲ್ಪ ಹೊತ್ತು ಓಡಾಡಿ, ಕನಿಷ್ಠ ಅರ್ಧ ಗಂಟೆ ಕಳೆದ ಬಳಿಕ ಹೊರಡುವುದು ಸುರಕ್ಷಿತ. ಪಾಳಿ ವಾರವಾರ ಬದಲಾಗುವವರಲ್ಲಿ ತಾನಾಗಿಯೇ ಎಚ್ಚರವಾಗುವ ಅಭ್ಯಾಸ ಬೆಳೆಯುವುದು ಕಷ್ಟ. ಅವರು ಅಲಾರಂ ಅನ್ನು ಪೂರ್ಣವಾಗಿ ಬಿಡುವುದು ಉಚಿತವಲ್ಲ.

ಅಳವಡಿಸಿಕೊಳ್ಳುವ ಕ್ರಮ

ಮೊದಲು ಎರಡು ವಾರ ಮಲಗುವ ಹಾಗೂ ಏಳುವ ವೇಳೆಗಳನ್ನು ರಜಾದಿನಗಳಲ್ಲಿಯೂ ಬದಲಿಸದೆ ಪಾಲಿಸಬೇಕು. ಏಳುವ ವೇಳೆಯನ್ನು ಹಿಂದಕ್ಕೆ ತರಬೇಕಿದ್ದರೆ ಒಮ್ಮೆಲೇ ಒಂದು ಗಂಟೆ ತರದೆ, ಕೆಲವು ದಿನಗಳಿಗೊಮ್ಮೆ 15 ನಿಮಿಷಗಳಂತೆ ತರುವುದು ಸುಲಭ. ಸಂಜೆಯ ನಂತರ ಚಹಾ, ಕಾಫಿಯನ್ನೂ ಮಲಗುವ ಮುನ್ನ ಮೊಬೈಲ್ ಪರದೆಯನ್ನೂ ದೂರವಿಡಬೇಕು. ಮೊದಲ ದಿನಗಳಲ್ಲಿ ಸೌಮ್ಯ ವಿಧಾನದ ಜೊತೆಗೆ, ಹತ್ತು ನಿಮಿಷ ತಡವಾಗಿ ಬಾರಿಸುವಂತೆ ಸಾಮಾನ್ಯ ಅಲಾರಂ ಒಂದನ್ನು ಕಾವಲಿಗೆ ಇಟ್ಟುಕೊಂಡರೆ ನಿಶ್ಚಿಂತೆ. ಅದು ಬಾರಿಸುವ ಮೊದಲೇ ಎಚ್ಚರವಾಗುವುದು ರೂಢಿಯಾದ ಮೇಲೆ ಅದನ್ನು ಕೈಬಿಡಬಹುದು.

ಅಲಾರಂ ಅನ್ನು ಮತ್ತೆಮತ್ತೆ ಮುಂದೂಡಿ ಮಲಗುವುದು ಹಾನಿಕರವೆಂದು ಹಿಂದೆ ಸಾರಾಸಗಟಾಗಿ ಹೇಳಲಾಗುತ್ತಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಅಭ್ಯಾಸವಿದ್ದವರಲ್ಲಿ ಅರ್ಧ ಗಂಟೆಯ ಮುಂದೂಡಿಕೆಯಿಂದ ಎದ್ದ ನಂತರದ ಚುರುಕು ಕುಗ್ಗಲಿಲ್ಲ. ಆದರೂ ದಿನವೂ ಮುಂದೂಡಬೇಕೆನಿಸಿದರೆ ನಿದ್ರೆ ಸಾಲುತ್ತಿಲ್ಲವೆಂದೇ ಬಹುಪಾಲು ತಿಳಿಯಬೇಕು.

ಮಿತಿಗಳು

ಸೌಮ್ಯ ವಿಧಾನಗಳು ನಿದ್ರೆಯ ಕೊರತೆಯನ್ನು ತುಂಬಲಾರವು. ಸಾಕಷ್ಟು ಮಲಗದವರನ್ನು ಯಾವ ಹಾಡೂ ಯಾವ ಬೆಳಕೂ ಲವಲವಿಕೆಯಿಂದ ಎಬ್ಬಿಸಲಾರದು. ರೈಲು ಹಿಡಿಯುವುದು, ಪರೀಕ್ಷೆ, ವೇಳೆಗೆ ಸರಿಯಾಗಿ ಔಷಧ ಕೊಡುವುದು ಮುಂತಾದ ತಪ್ಪಬಾರದ ಸಂದರ್ಭಗಳಲ್ಲಿ ಗಟ್ಟಿ ಅಲಾರಂ ಇರಲೇಬೇಕು. ಬೆಂಕಿ, ಹೊಗೆ, ಪ್ರವಾಹಗಳ ಎಚ್ಚರಿಕೆಗೆ ಈ ಲೇಖನದ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಥಟ್ಟನೆ ಎಬ್ಬಿಸುವುದೇ ಉದ್ದೇಶ.

ಏಳೆಂಟು ಗಂಟೆ ಮಲಗಿದರೂ ದಿನವೂ ಆಯಾಸದಿಂದ ಏಳುವವರು, ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವವರು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುವವರು ಎಚ್ಚರದ ವಿಧಾನವನ್ನು ಬದಲಿಸಿ ಸುಮ್ಮನಾಗಬಾರದು. ಇವು ನಿದ್ರೆಯಲ್ಲಿ ಉಸಿರುಗಟ್ಟುವ ಕಾಯಿಲೆಯ ಲಕ್ಷಣಗಳಾಗಿರಬಹುದು. ವೈದ್ಯರನ್ನು ಕಾಣುವುದು ಅಗತ್ಯ. ವೃದ್ಧರಲ್ಲಿ ನಿದ್ರೆ ಹಗುರವಾಗಿ ನಸುಕಿಗೇ ಎಚ್ಚರವಾಗುವುದು ಸಾಮಾನ್ಯ. ಅವರು ಹಾಸಿಗೆಯಿಂದ ಒಮ್ಮೆಲೇ ಎದ್ದು ನಿಲ್ಲದೆ, ಸ್ವಲ್ಪ ಹೊತ್ತು ಕುಳಿತು ನಂತರ ನಿಲ್ಲುವುದರಿಂದ ರಕ್ತದೊತ್ತಡ ಕುಸಿದು ಬೀಳುವ ಅಪಾಯ ಕಡಿಮೆಯಾಗುತ್ತದೆ.